ತಿರುಗಿ ಕೂತ ಅಕ್ಷರ: ಮೈಸೂರು ಕಾಸುಗಳ ಮೇಲೆ ಅಚ್ಚುಗಾರನ ಕೈ

ದಾವಣಗೆರೆಯ ಹಳೆಯ ಮನೆಗಳಲ್ಲಿ, ದೇವರ ಗೂಡಿನಲ್ಲೋ ಅಜ್ಜಿಯ ಟ್ರಂಕಿನ ತಳದಲ್ಲೋ, ಒಂದು ಸಣ್ಣ ಬಟ್ಟೆಗಂಟು ಇರುತ್ತದೆ. ಬಿಚ್ಚಿದರೆ ವಿಕ್ಟೋರಿಯಾ ರಾಣಿಯ ಕಾಲಾಣೆ, ಐದನೇ ಜಾರ್ಜ್ ದೊರೆಯ ಕಾಸು, ಎರಡನೇ ಮಹಾಯುದ್ಧದ ಕಾಲದ ತೂತಿನ ಕಾಸು. ಅವುಗಳ ನಡುವೆ, ಅದೃಷ್ಟವಿದ್ದರೆ, ಅಂಚು ಸಮವಿಲ್ಲದ ಒಂದು ದಪ್ಪ ತಾಮ್ರದ ಬಿಲ್ಲೆ. ಅದರ ಮೇಲೆ ಸವೆದ ಆನೆ. ನಾನು ಮೈಸೂರು ಸೀಮೆಯ ನಾಣ್ಯಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆಂದು ಗೊತ್ತಾದ ಮೇಲೆ ಶಾಮನೂರಿನ ಪರಿಚಯದವರು ಇಂಥ ಗಂಟುಗಳನ್ನು ತಂದು ತೋರಿಸುತ್ತಾರೆ. ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಇದು ಮಿಸ್‌ಪ್ರಿಂಟ್ ಅಲ್ಲವಾ? ಎಷ್ಟು ಲಕ್ಷ ಬರುತ್ತೆ?”

ಎಷ್ಟು ಲಕ್ಷ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ, ಬೇಕಾಗಿಯೂ ಇಲ್ಲ. ಹಳೆಯ ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರು ಹೇಳಿಕೊಂಡು ಶುಲ್ಕ, ಕಮಿಷನ್ನು, ತೆರಿಗೆ ಕೇಳುವವರಿಗೆ ಮೋಸಹೋಗಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ಆದರೆ ಮಿಸ್‌ಪ್ರಿಂಟ್ ಅಲ್ಲವಾ ಎನ್ನುವ ಮೊದಲರ್ಧ ಇದೆಯಲ್ಲ, ಅದು ಕೇಳಿದವರಿಗೇ ಗೊತ್ತಿಲ್ಲದಂತೆ ಬಹಳ ಒಳ್ಳೆಯ ಪ್ರಶ್ನೆ. ತಪ್ಪು ಎಂದರೆ ಯಾರ ತಪ್ಪು? ಅಚ್ಚು ಕೆತ್ತಿದವನದೋ, ಸುತ್ತಿಗೆಯಿಂದ ಬಡಿದವನದೋ, ಇನ್ನೂರು ಚಿಲ್ಲರೆ ವರ್ಷಗಳಾದ ಮೇಲೆ ಅದನ್ನು ಓದುತ್ತಿರುವ ನಮ್ಮದೋ? ಈ ಮೂರನ್ನು ಬೇರೆಮಾಡದೆ ಯಾವ ಕಾಸನ್ನೂ ತಪ್ಪು ಎನ್ನಲಾಗದು. ಬೇರೆಮಾಡಿದಾಗ ಮಾತ್ರ ಆ ಕಾಸಿನ ಹಿಂದೆ ಒಬ್ಬ ಮನುಷ್ಯ ಕಾಣಲು ಶುರುವಾಗುತ್ತಾನೆ.

ಕಾಸು ಹುಟ್ಟುತ್ತಿದ್ದುದು ಹೇಗೆ ಎಂಬುದರಿಂದ ಹೊರಡೋಣ. ಯಂತ್ರ ಬರುವ ಮುಂಚಿನ ಟಂಕಸಾಲೆಯಲ್ಲಿ (ನಮ್ಮ ಹಳೆಯ ಮಾತಿನಲ್ಲಿ ‘ಕಮ್ಮಟ’) ಒಂದು ಕಾಸಿಗೆ ಎರಡು ಅಚ್ಚು ಬೇಕು. ಒಂದನ್ನು ಅಡಿಗಲ್ಲಿನಲ್ಲೋ ಮರದ ದಿಮ್ಮಿಯಲ್ಲೋ ಬಿಗಿಯಾಗಿ ಹೂಳಿರುತ್ತಾರೆ. ಇನ್ನೊಂದು ಕೈಯಲ್ಲಿ ಹಿಡಿಯುವಂಥ ಗಿಡ್ಡ ಸಲಾಕೆ. ಅದರ ತುದಿಯಲ್ಲಿ ಕೆತ್ತನೆ. ತೂಕ ನೋಡಿ ಮಾಡಿಟ್ಟ ತಾಮ್ರದ ಬಿಲ್ಲೆಯನ್ನು ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲಿನ ಅಚ್ಚನ್ನು ಅದರ ಮೇಲೆ ನಿಲ್ಲಿಸಿ, ಸುತ್ತಿಗೆಯಿಂದ ಒಂದು ಏಟು. ಅಷ್ಟೇ. ಅಚ್ಚಿನಲ್ಲಿ ತಗ್ಗಾಗಿರುವುದು ಕಾಸಿನಲ್ಲಿ ಉಬ್ಬು. ಅಚ್ಚಿನಲ್ಲಿ ಎಡಗಡೆ ಇರುವುದು ಕಾಸಿನಲ್ಲಿ ಬಲಗಡೆ. ಅಚ್ಚುಗಾರ ಜೀವಮಾನವೆಲ್ಲ ಕನ್ನಡಿಯೊಳಗಿನ ಲೋಕವನ್ನೇ ಕೆತ್ತುತ್ತಾನೆ.

ಇಷ್ಟು ತಿಳಿದರೆ ತಪ್ಪುಗಳು ತಾವಾಗಿಯೇ ಎರಡು ರಾಶಿಯಾಗುತ್ತವೆ. ಬಿಲ್ಲೆ ಸರಿಯಾಗಿ ಕೂರದೆ ಆನೆಯ ತಲೆ ಕಾಸಿನಿಂದ ಆಚೆ ಹೋಗಿದ್ದರೆ ಅದು ಬಡಿದವನ ಕೆಲಸ. ಮೊದಲ ಏಟಿಗೆ ಬಿಲ್ಲೆ ಜರುಗಿ, ಎರಡನೇ ಏಟಿಗೆ ಆನೆಗೆ ಆರು ಕಾಲು ಮೂಡಿದ್ದರೆ ಅದೂ ಅವನದೇ. ಒಮ್ಮೊಮ್ಮೆ ಬಡಿದ ಕಾಸು ಮೇಲಿನ ಅಚ್ಚಿಗೇ ಅಂಟಿಕೊಂಡುಬಿಡುತ್ತದೆ. ಗಮನಿಸದೆ ಮುಂದಿನ ಬಿಲ್ಲೆಯನ್ನಿಟ್ಟು ಹೊಡೆದರೆ, ಆ ಹೊಸ ಕಾಸಿನ ಒಂದು ಮುಖ ಸರಿಯಾಗಿರುತ್ತದೆ. ಇನ್ನೊಂದರಲ್ಲಿ ಅದೇ ಮುಖ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗಿ ಒತ್ತಿಕೊಂಡಿರುತ್ತದೆ. ನೋಡಲು ಮಹಾ ವಿಚಿತ್ರ, ಮಾರುವವರಿಗೆ ಮಹಾ ಲಾಭ. ಆದರೆ ಇತಿಹಾಸಕಾರನಿಗೆ ಇವೆಲ್ಲ ಹೇಳುವುದು ಒಂದು ಕ್ಷಣದ ಕಥೆ: ಆ ಹೊತ್ತು ಕೈ ಜಾರಿತು, ಅಥವಾ ಆ ದಿನ ಅವಸರವಿತ್ತು. ಇನ್ನೊಂದು ಕಾಸಿನಲ್ಲಿ ಅದೇ ತಪ್ಪು ಅದೇ ರೀತಿ ಸಿಗುವುದಿಲ್ಲ.

ಅಚ್ಚಿನ ತಪ್ಪು ಹಾಗಲ್ಲ. ಅದು ಮರುಕಳಿಸುತ್ತದೆ. ಅಚ್ಚುಗಾರ ಒಂದು ಅಕ್ಷರವನ್ನು ತಿರುಗಿಸಿ ಕೆತ್ತಿದರೆ, ಆ ಅಚ್ಚು ಸವೆದು ಬಿಸಾಡುವವರೆಗೆ ಅದರಿಂದ ಹೊರಟ ಎಲ್ಲ ಕಾಸಿನಲ್ಲೂ ಅಕ್ಷರ ತಿರುಗಿಯೇ ಇರುತ್ತದೆ. ಹಾಗಾಗಿ ಮೊದಲ ಪರೀಕ್ಷೆ ಇದೇ: ಇಂಥದೇ ಇನ್ನೊಂದು ಇದೆಯೇ? ಎರಡನೆಯದು ಬೆರಳಿಗೇ ತಿಳಿಯುವಂಥದು: ಉಬ್ಬೋ ತಗ್ಗೋ? ಅಚ್ಚು ಬಿರುಕು ಬಿಟ್ಟರೆ ಆ ಬಿರುಕಿಗೆ ತಾಮ್ರ ನುಗ್ಗಿ ಕಾಸಿನ ಮೇಲೆ ಉಬ್ಬಿದ ಗೆರೆಯಾಗುತ್ತದೆ. ಅಚ್ಚು ತುಕ್ಕು ಹಿಡಿದು ಗುಳಿಬಿದ್ದರೆ ಕಾಸಿನ ಮೇಲೆ ಸಣ್ಣ ಗುಳ್ಳೆಗಳು. ತಗ್ಗಾದ ಗೆರೆಯಾದರೆ ಅದು ಬಹುಮಟ್ಟಿಗೆ ಆಮೇಲೆ ಬಿದ್ದ ಗೀರು. ಯಾರದೋ ಮನೆಯ ಮಕ್ಕಳ ಕೆಲಸವೂ ಇರಬಹುದು. ಇಷ್ಟು ಸರಳವಾದ ಪರೀಕ್ಷೆಯಿಂದಲೇ ‘ಅಪರೂಪದ ತಪ್ಪು ನಾಣ್ಯ’ಗಳಲ್ಲಿ ಬಹುಪಾಲು ಸಾಮಾನ್ಯ ನಾಣ್ಯಗಳಾಗಿಬಿಡುತ್ತವೆ.

ಒಂದು ಎಚ್ಚರಿಕೆ. ಇಂದಿನ ಯಂತ್ರದ ನಾಣ್ಯದಲ್ಲಿ ಮುಂದಿನ ಮುಖಕ್ಕೂ ಹಿಂದಿನ ಮುಖಕ್ಕೂ ಗೊತ್ತಾದ ದಿಕ್ಕು ಇರುತ್ತದೆ. ಅದು ಹೊರಳಿದ್ದರೆ ತಪ್ಪೆನ್ನಬಹುದು. ಕೈಯಲ್ಲಿ ಬಡಿದ ಕಾಸಿಗೆ ಈ ನಿಯಮ ಹೂಡುವುದು ಅನ್ಯಾಯ. ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದವನು ಪ್ರತಿ ಏಟಿಗೂ ಅದನ್ನು ಒಂದೇ ದಿಕ್ಕಿಗೆ ತಿರುಗಿಸಿಕೊಂಡಿರಬೇಕು ಎಂದು ಯಾರೂ ಅಪೇಕ್ಷಿಸಿರಲಿಲ್ಲ.

ಇದಕ್ಕೂ ಹಿಂದಿನ ಕಾಲದ, ಒಂದೊಂದು ಮುದ್ರೆಯನ್ನೂ ಬೇರೆಬೇರೆಯಾಗಿ ಒತ್ತಿದ ಕದಂಬರ ಪದ್ಮಟಂಕದಂಥ ಚಿನ್ನದ ನಾಣ್ಯಗಳಿಗೆ ‘ಒಂದು ಅಚ್ಚು’ ಎಂಬ ಮಾತೇ ಹೊಂದುವುದಿಲ್ಲ. ಅವುಗಳನ್ನು ಓದುವ ಬಗೆ ಬೇರೆ. ಇನ್ನು ಕಂಠೀರವ ಹಣದಂಥ ಪುಟ್ಟ ನಾಣ್ಯಗಳ ಪಾಡು ಇನ್ನೊಂದು. ತೂಕ ಅರ್ಧ ಗ್ರಾಮನ್ನೂ ಮುಟ್ಟದ ಆ ಬಿಲ್ಲೆಗಿಂತ ಅಚ್ಚೇ ದೊಡ್ಡದು. ನರಸಿಂಹನ ಮಂಡಿ ಒಂದು ಹಣದಲ್ಲಿ, ಕಿರೀಟ ಇನ್ನೊಂದರಲ್ಲಿ. ಹತ್ತಾರು ಹಣಗಳ ಚಿತ್ರ ಜೋಡಿಸಿದಾಗ ಮಾತ್ರ ಪೂರ್ತಿ ಅಚ್ಚು ಹೇಗಿತ್ತೆಂದು ತಿಳಿಯುತ್ತದೆ. ಅಲ್ಲಿ ಕಿರೀಟ ಕಾಣದಿರುವುದು ತಪ್ಪಲ್ಲ, ಅದರ ಸ್ವಭಾವ.

ಈಗ ಆನೆಯ ಕಾಸಿಗೆ ಬರೋಣ. ಹೈದರ್ ಅಲಿ ತನ್ನ ಆಳ್ವಿಕೆಯ ಕೊನೆಯಲ್ಲಿ ತಾಮ್ರದ ಮೇಲೆ ಆನೆಯನ್ನು ತಂದ. 1782ರ ಡಿಸೆಂಬರ್‌ನಲ್ಲಿ ಅವನು ತೀರಿಕೊಂಡ ಮೇಲೆ ಟಿಪ್ಪು ಅದನ್ನೇ ಮುಂದುವರಿಸಿದ. ಟಿಪ್ಪುವಿನ ಟಂಕಸಾಲೆಗಳು ಒಂದೆರಡಲ್ಲ. ‘ಪಟ್ಟಣ’ ಎಂದರೆ ಶ್ರೀರಂಗಪಟ್ಟಣ. ‘ನಗರ’ ಎಂದರೆ 1763ರಲ್ಲಿ ಹೈದರ್ ಗೆದ್ದ ಬಿದನೂರು. ನಮ್ಮ ಸೀಮೆಯವರಿಗೆ ಹತ್ತಿರದ್ದು ‘ಫರುಖ್‌ಯಾಬ್ ಹಿಸಾರ್’, ಅಂದರೆ ಚಿತ್ರದುರ್ಗ. 1779ರಲ್ಲಿ ಮದಕರಿ ನಾಯಕನಿಂದ ಹೈದರ್ ಕಸಿದುಕೊಂಡ ಕೋಟೆಗೆ ಟಿಪ್ಪು ಇಟ್ಟ ಹೆಸರದು. 1997ರವರೆಗೂ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಂದು ತಾಲೂಕಾಗಿತ್ತು ಎಂಬುದನ್ನು ನೆನೆದರೆ, ಇದು ನಮ್ಮದೇ ಟಂಕಸಾಲೆ ಎನ್ನಲು ಅಡ್ಡಿಯಿಲ್ಲ. ಹೈದರ್ ದಾವಣಗೆರೆಯನ್ನು ಅಪೋಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ, ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದ, ಊರು ಬೆಳೆಯಿತು. ಬೆಳೆಯುತ್ತಿದ್ದ ಸಂತೆಯೂರಿಗೆ ಮೊದಲು ಬೇಕಾದದ್ದು ಚಿನ್ನದ ವರಹವಲ್ಲ, ಉಪ್ಪು ಮೆಣಸಿನಕಾಯಿ ಕೊಳ್ಳುವ ತಾಮ್ರದ ಚಿಲ್ಲರೆ.

ಈ ಚಿಲ್ಲರೆಗೆ ಟಿಪ್ಪು ಇಟ್ಟ ಹೆಸರುಗಳು ಆಕಾಶದವು. ಪೈಸೆಗೆ ಜೊಹ್ರಾ, ಅಂದರೆ ಶುಕ್ರ. ಅರ್ಧ ಪೈಸೆಗೆ ಬಹ್ರಾಮ್, ಅಂದರೆ ಮಂಗಳ. ಕಾಲಿಗೆ ಅಖ್ತರ್, ನಕ್ಷತ್ರ. ಅದರರ್ಧಕ್ಕೆ ಕುತುಬ್, ಧ್ರುವ. ಎರಡು ಪೈಸೆಯ ದೊಡ್ಡ ಕಾಸು ಮೊದಲು ಉಸ್ಮಾನಿ, ಆಮೇಲೆ ಮುಷ್ತರಿ, ಅಂದರೆ ಗುರು. ಅದರ ಆನೆಗೆ ಬಾವುಟವೂ ಉಂಟು. ಹರಿಹರದ ಸಂತೆಯಲ್ಲಿ ಮೆಣಸಿನಕಾಯಿಗೆ ಶುಕ್ರನನ್ನು ಎಣಿಸಿಕೊಟ್ಟವರಿಗೆ ಆ ಹೆಸರು ಗೊತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಆನೆ ಗೊತ್ತಿದ್ದರೆ ಸಾಕಿತ್ತು.

ಗೊಂದಲ ಶುರುವಾಗುವುದು ವರ್ಷದಲ್ಲಿ. ಮೊದಲ ಕೆಲವು ವರ್ಷ ಟಿಪ್ಪು ಹಿಜರಿ ಶಕವನ್ನೇ ಹಾಕಿಸಿದ: 1197, 1198, ಹೀಗೆ. ಆಳ್ವಿಕೆಯ ಐದನೇ ವರ್ಷದಿಂದ ಎಣಿಕೆ ಒಮ್ಮೆಲೇ 1215ಕ್ಕೆ ಜಿಗಿಯುತ್ತದೆ. ಇದು ಅವನೇ ತಂದ ಮೌಲೂದಿ ಶಕ. ಪ್ರವಾದಿಯ ವಲಸೆಯಿಂದಲ್ಲದೆ ಜನನದಿಂದ ಎಣಿಸಿದ್ದೆಂದು ಅದರ ಹೆಸರೇ ಹೇಳುತ್ತದೆ. ವರ್ಷದ ಲೆಕ್ಕವನ್ನು ನಮ್ಮ ಚಾಂದ್ರಮಾನ ಪಂಚಾಂಗಕ್ಕೆ ಹೊಂದಿಸಿದ್ದರಿಂದ ಅವನ ಹೊಸ ವರ್ಷ ಯುಗಾದಿಯ ಆಸುಪಾಸಿಗೆ ಬರುತ್ತಿತ್ತು. ಇದು ತಿಳಿಯದೆ 1226ರ ಕಾಸನ್ನು ಹಿಜರಿ ಎಂದು ಓದಿದರೆ ಅದು 1811ನೇ ಇಸವಿಯಾಗುತ್ತದೆ. ಟಿಪ್ಪು ಮಡಿದದ್ದು 1799ರ ಮೇ 4ರಂದು. ಸತ್ತ ಹನ್ನೆರಡು ವರ್ಷಕ್ಕೆ ಕಾಸು ಬಡಿಸಿದ ದೊರೆ! ಇದು ಅಚ್ಚುಗಾರನ ತಪ್ಪೂ ಅಲ್ಲ, ಬಡಿದವನ ತಪ್ಪೂ ಅಲ್ಲ; ಓದುಗನ ತಪ್ಪು.

ಶಕದ ಜೊತೆಗೆ ಅಂಕಿ ಬರೆಯುವ ದಿಕ್ಕನ್ನೂ ಟಿಪ್ಪು ಬದಲಿಸಿದ. ಪಾರಸಿ ಬರಹ ಬಲದಿಂದ ಎಡಕ್ಕೆ ಹೋಗುತ್ತದೆ, ಆದರೆ ಅದರೊಳಗಿನ ಅಂಕಿಗಳು ನಮ್ಮಂತೆಯೇ ಎಡದಿಂದ ಬಲಕ್ಕೆ. ಮೌಲೂದಿ ವರ್ಷಗಳಲ್ಲಿ ಅಂಕಿಯೂ ಬಲದಿಂದ ಎಡಕ್ಕೆ ಹೊರಟಿತು. ಕಾಸನ್ನು ನಮ್ಮ ರೂಢಿಯಲ್ಲಿ ಓದಿದರೆ 1215 ಎಂಬುದು 5121 ಎಂದು ಕಾಣುತ್ತದೆ. ಗೊತ್ತಿಲ್ಲದವರಿಗೆ ಇದೇ ದೊಡ್ಡ ‘ಮಿಸ್‌ಪ್ರಿಂಟ್’. ವಾಸ್ತವದಲ್ಲಿ ಇದೇ ಸರಿ. ಇದಕ್ಕೆ ವಿರುದ್ಧವಾಗಿ, ಮೌಲೂದಿ ವರ್ಷ ನಮ್ಮ ಕಣ್ಣಿಗೆ ಅಚ್ಚುಕಟ್ಟಾಗಿ 1215 ಎಂದು ಎಡದಿಂದ ಬಲಕ್ಕೆ ಕಂಡ ಕಾಸು ಕೈಗೆ ಬಂದರೆ, ಅಲ್ಲಿ ನಿಜವಾಗಿಯೂ ನಿಂತು ನೋಡಬೇಕು. ಸುಲ್ತಾನನ ಆಜ್ಞೆಯ ಪ್ರಕಾರ ತಪ್ಪಿರುವುದು ಅದು.

ಆ ತಪ್ಪು ಹೇಗೆ ಹುಟ್ಟಬಹುದೆಂದು ಅಚ್ಚುಗಾರನ ಜಾಗದಲ್ಲಿ ಕೂತು ಯೋಚಿಸಿ. ಅವನು ಕೆತ್ತುವುದು ಕನ್ನಡಿ ಬಿಂಬವನ್ನು. ಹಿಂದೆ ಕಾಸಿನ ಮೇಲೆ ಎಡದಿಂದ ಬಲಕ್ಕೆ ಅಂಕಿ ಬರಬೇಕಾದರೆ ಅಚ್ಚಿನಲ್ಲಿ ಬಲದಿಂದ ಎಡಕ್ಕೆ ಕೆತ್ತಬೇಕಿತ್ತು. ವರ್ಷಗಟ್ಟಲೆ ಹಾಗೆ ಕೈ ಪಳಗಿದೆ. ಈಗ ಕಾಸಿನ ಮೇಲೆ ದಿಕ್ಕು ತಿರುಗಬೇಕು ಎಂದರೆ ಅಚ್ಚಿನಲ್ಲಿ ಎಡದಿಂದ ಬಲಕ್ಕೇ ಕೆತ್ತಬೇಕು. ಅಂದರೆ ಅಂಕಿಗಳ ಸಾಲು ಅಚ್ಚಿನಲ್ಲಿ ರೂಢಿಯ ಬರವಣಿಗೆಯಂತೆಯೇ ಇರುತ್ತದೆ, ಆದರೆ ಒಂದೊಂದು ಅಂಕಿಯ ಆಕಾರ ಮಾತ್ರ ತಿರುಗಿರಬೇಕು. ಸಾಲು ಸುಲಭವಾಯಿತು, ಆಕಾರದಲ್ಲಿ ಎಡವುವ ಸಾಧ್ಯತೆ ಹೆಚ್ಚಿತು. ಪಾರಸಿಯ 1 ಒಂದು ನೆಟ್ಟ ಗೆರೆ, ತಿರುಗಿಸಿದರೂ ಅದೇ. 5 ಗುಂಡಾದ, ಎರಡೂ ಕಡೆ ಒಂದೇ ಆಗಿರುವ ಅಂಕಿ. 2 ಹಾಗಲ್ಲ, ಅದರ ತಲೆಯ ಕೊಂಡಿ ಒಂದೇ ಕಡೆ. ಆ ಕೊಂಡಿ ತಪ್ಪು ಕಡೆಗೆ ಹೋದರೆ ಅದನ್ನು 6 ಎಂದೂ ಓದಿಬಿಡಬಹುದು. 1215ರಿಂದ 1227ರವರೆಗಿನ ಯಾವ ವರ್ಷದಲ್ಲೂ 2 ಇಲ್ಲದೆ ಇಲ್ಲ. ಹಾಗಾಗಿ ಟಿಪ್ಪುವಿನ ವಿಚಿತ್ರ ವರ್ಷ ಯಾವುದಾದರೂ ಕಂಡಾಗ ಮೊದಲು ನೋಡಬೇಕಾದದ್ದು 2ರ ಕೊಂಡಿಯನ್ನು. ಅಂದಹಾಗೆ 1221 ಯಾವ ಕಡೆಯಿಂದ ಓದಿದರೂ 1221ರೇ. ಆ ವರ್ಷ ಅಚ್ಚುಗಾರನಿಗೆ ಸಾಲು ತಪ್ಪಲು ಸಾಧ್ಯವೇ ಇರಲಿಲ್ಲ. ನಮಗೂ ಅವನು ಸರಿಯೋ ತಪ್ಪೋ ಹೇಳಲು ಸಾಧ್ಯವಿಲ್ಲ.

ಮದ್ರಾಸ್ ವಸ್ತುಸಂಗ್ರಹಾಲಯದ ಜೆ. ಆರ್. ಹೆಂಡರ್ಸನ್ 1921ರಲ್ಲಿ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ ಪ್ರಕಟಿಸಿದ ಪುಸ್ತಕ ಇಂದಿಗೂ ಈ ಕೆಲಸದ ಅಡಿಪಾಯ. ಅದಕ್ಕೂ ಮೊದಲು ಟಫ್ನೆಲ್ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಮೈಸೂರು ನಾಣ್ಯಗಳನ್ನು ಪಟ್ಟಿಮಾಡಿದ್ದ. ಆಮೇಲೆ ನಮ್ಮವರೇ ಆದ ಎ. ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಒಟ್ಟು ಚರಿತ್ರೆ ಬರೆದರು. ಇವರಿಗೆಲ್ಲ ಮುಖ್ಯವಾಗಿದ್ದದ್ದು ಬಗೆ: ಯಾವ ದೊರೆ, ಯಾವ ಊರು, ಯಾವ ವರ್ಷ, ಯಾವ ಬೆಲೆ. ಒಂದು ಬಗೆಯ ಒಂದು ಒಳ್ಳೆಯ ಕಾಸು ಸಿಕ್ಕಿದರೆ ಪಟ್ಟಿ ತುಂಬಿತು. ಅಚ್ಚನ್ನು ಓದುವವನಿಗೆ ಒಂದು ಸಾಲದು. ಅದೇ ಬಗೆಯ ಐವತ್ತು, ನೂರು ಬೇಕು. ಸವೆದದ್ದೂ ಬೇಕು.

ಎರಡು ಕಾಸು ಒಂದೇ ಅಚ್ಚಿನವು ಎಂದು ಹೇಳುವುದು ಹೇಗೆ? ‘ಆನೆ ಒಂದೇ ಥರ ಇದೆ’ ಎನ್ನುವುದು ಉತ್ತರವಲ್ಲ. ಒಬ್ಬನೇ ಅಚ್ಚುಗಾರ ಹತ್ತು ಆನೆಯನ್ನು ಒಂದೇ ಥರ ಕೆತ್ತಬಲ್ಲ. ಅಂತರಗಳನ್ನು ನೋಡಬೇಕು. ಸೊಂಡಿಲ ತುದಿ ವರ್ಷದ ಯಾವ ಅಂಕಿಯ ನೇರಕ್ಕಿದೆ? ಬಾಲದ ಕೊನೆಗೂ ಅಂಚಿನ ಚುಕ್ಕೆಸಾಲಿಗೂ ನಡುವೆ ಎಷ್ಟು ಜಾಗ? ಹಿಂಗಾಲ ಉಗುರಿನಡಿಯಲ್ಲಿ ಚುಕ್ಕೆ ಬಂದಿದೆಯೋ, ಎರಡು ಚುಕ್ಕೆಗಳ ನಡುವಿನ ಸಂದಿಯೋ? ಇಂಥ ಮೂರು ನಾಲ್ಕು ಗುರುತು ಒಟ್ಟಿಗೆ ಕೂಡಿದರೆ ಅಚ್ಚು ಒಂದೇ. ಕಾಸು ಸವೆಯಬಹುದು, ಬಿಲ್ಲೆ ಸೊಟ್ಟಗಿರಬಹುದು. ಚುಕ್ಕೆಗೂ ಉಗುರಿಗೂ ನಡುವಿನ ಸಂಬಂಧ ಬದಲಾಗದು.

ಅಚ್ಚು ಗುರುತಿಸಿದ ಮೇಲೆ ಕಥೆ ತಾನೇ ಬಿಚ್ಚಿಕೊಳ್ಳುತ್ತದೆ. ಸುತ್ತಿಗೆಯ ಏಟು ನೇರ ಬೀಳುವುದು ಮೇಲಿನ ಅಚ್ಚಿಗೆ. ಅದು ಬೇಗ ಹಾಳಾಗುತ್ತದೆ. ಕೆಳಗಿನದು ಹೂತುಕೊಂಡು ಹೆಚ್ಚು ದಿನ ಬಾಳುತ್ತದೆ. ಆದ್ದರಿಂದ ಒಂದೇ ಕೆಳಗಿನ ಅಚ್ಚಿಗೆ ಮೂರು ನಾಲ್ಕು ಮೇಲಿನ ಅಚ್ಚುಗಳು ಜೊತೆಯಾಗಿರುತ್ತವೆ. ಕೆಳಗಿನ ಅಚ್ಚಿನಲ್ಲಿ ಕೂದಲೆಳೆಯಷ್ಟು ಬಿರುಕು ಮೂಡಿ, ಕಾಸಿನಿಂದ ಕಾಸಿಗೆ ಉದ್ದವಾಗುತ್ತ ಹೋದರೆ, ಆ ಬಿರುಕೇ ನಮ್ಮ ಕ್ಯಾಲೆಂಡರು: ಬಿರುಕಿಲ್ಲದ್ದು ಮೊದಲು, ಚಿಕ್ಕ ಬಿರುಕಿನದು ಆಮೇಲೆ, ಆನೆಯ ಹೊಟ್ಟೆ ಸೀಳಿದ್ದು ಕೊನೆಗೆ. ಇಪ್ಪತ್ತು ಕಾಸು ನೋಡಿ ಇಪ್ಪತ್ತೂ ಬೇರೆಬೇರೆ ಅಚ್ಚಿನದಾದರೆ ಆ ವರ್ಷ ಆ ಟಂಕಸಾಲೆ ಭರ್ತಿ ದುಡಿದಿದೆ. ಇಪ್ಪತ್ತೂ ಮೂರೋ ನಾಲ್ಕೋ ಅಚ್ಚಿನವಾದರೆ ಕೆಲಸ ಅಷ್ಟಕ್ಕಷ್ಟೇ. ಎಷ್ಟು ಕಾಸು ಬಡಿದರು ಎಂಬ ದಫ್ತರ ಕೈಗೆ ಸಿಗದ ಕಡೆ ಲೆಕ್ಕಕ್ಕೆ ಇಳಿಯಲು ಇರುವ ದಾರಿ ಇದು. ಯುದ್ಧದ ವರ್ಷಗಳಲ್ಲಿ ಚಿತ್ರದುರ್ಗದ ಸಂತೆಗಳಿಗೆ ಚಿಲ್ಲರೆ ಸಾಕಿತ್ತೋ ಇಲ್ಲವೋ ಎಂಬಂಥ ಪ್ರಶ್ನೆಯನ್ನು ಅಚ್ಚುಗಳ ಎಣಿಕೆಯಿಂದ ಕೇಳಬಹುದು. ಕೋಟೆಯ ಕಥನಗಳಿಂದ ಕೇಳಲಾಗದು.

1799ರ ಮೇ ತಿಂಗಳಿಗೆ ರಾಜಕೀಯ ಚರಿತ್ರೆಯಲ್ಲಿ ಒಂದು ಅಧ್ಯಾಯ ಮುಗಿಯುತ್ತದೆ. ತಾಮ್ರದ ಮೇಲೆ ಮುಗಿಯುವುದಿಲ್ಲ. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ದಿವಾನ್ ಪೂರ್ಣಯ್ಯ ಆಡಳಿತ ನಡೆಸಿದ ವರ್ಷಗಳಲ್ಲೂ ಕಾಸಿನ ಮೇಲೆ ಆನೆಯೇ. ಅದರ ಮೇಲೆ ಸೂರ್ಯ ಚಂದ್ರ ಬಂದರು, ಕನ್ನಡದ ‘ಶ್ರೀ’ ಬಂತು, ಆಮೇಲೆ ‘ಚಾಮುಂಡಿ’ ಬಂತು. ಕೊನೆಗೆ ಆನೆಯ ಜಾಗಕ್ಕೆ ಸಿಂಹ ಬಂತು. ಹಿಂದಿನ ಮುಖದಲ್ಲಿ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೂ ಇಂಗ್ಲಿಷಿನಲ್ಲಿ ‘ಕ್ಯಾಶ್’ ಎಂದೂ ಬೆಲೆ. 5, 10, 20ನ್ನು ರೋಮನ್ ಅಂಕಿಯಲ್ಲಿ ಹಾಕಿದರು. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಹೋಯಿತು, 1843ರಲ್ಲಿ ಮುಚ್ಚಿತು.

ಒಬ್ಬ ಮನುಷ್ಯನ ಆಯುಷ್ಯದಲ್ಲಿ ಇದೆಲ್ಲ ಆಗಿದೆ ಎಂಬುದನ್ನು ಗಮನಿಸಿ. 1785ರಲ್ಲಿ ಇಪ್ಪತ್ತು ವರ್ಷದ ಹುಡುಗನಾಗಿ ಅಚ್ಚಿನ ಕೆಲಸಕ್ಕೆ ಸೇರಿದವನು ಮೊದಲು ಪಾರಸಿ ಕೆತ್ತಿರುತ್ತಾನೆ, ಎರಡು ವರ್ಷದಲ್ಲಿ ಅಂಕಿಯ ದಿಕ್ಕು ಬದಲಾಗಿರುತ್ತದೆ, ಮೂವತ್ತೈದರ ಹೊತ್ತಿಗೆ ಕನ್ನಡ, ಆಮೇಲೆ ಇಂಗ್ಲಿಷ್. ದೊರೆ ಯಾರಾದರೂ ಅಚ್ಚು ಕೆತ್ತುವವನು ಬೇಕು. ಆದರೆ ಆ ಮೂರು ಲಿಪಿಯನ್ನೂ ಅವನು ಓದಬಲ್ಲವನಾಗಿರಬೇಕಿಲ್ಲ. ಯಾರೋ ಕಾಗದದ ಮೇಲೆ ಬರೆದು ಕೊಡುತ್ತಾರೆ. ಅವನು ಅದನ್ನು ಚಿತ್ರದಂತೆ ತಿರುಗಿಸಿ ಕೆತ್ತುತ್ತಾನೆ. ಹಾಗಿದ್ದಾಗ ತಪ್ಪು ಎಲ್ಲಿ ಬರುತ್ತದೆ? ಅವನ ಕೈಗೆ ಅಭ್ಯಾಸವಿಲ್ಲದ ಲಿಪಿಯಲ್ಲಿ.

ಇಪ್ಪತ್ತು ಕಾಸಿನ ನಾಣ್ಯದ ಇಂಗ್ಲಿಷ್ ಸಾಲನ್ನು ತೆಗೆದುಕೊಳ್ಳಿ. ಎರಡು ಎಕ್ಸ್, ಮುಂದೆ ಸಿ, ಎ, ಎಸ್, ಎಚ್. ಇದರಲ್ಲಿ ಎಕ್ಸ್, ಎ, ಎಚ್ ಮೂರೂ ಎಡಬಲ ಸಮವಾದ ಅಕ್ಷರಗಳು. ಅಚ್ಚುಗಾರ ತಿರುಗಿಸಿದರೂ ಬಿಟ್ಟರೂ ಕಾಸಿನಲ್ಲಿ ವ್ಯತ್ಯಾಸ ಕಾಣದು. ಅವನ ಪರೀಕ್ಷೆ ಇರುವುದು ಸಿ ಮತ್ತು ಎಸ್ ಎರಡರಲ್ಲೇ. ಸಿ ಬಾಯಿ ಯಾವ ಕಡೆ ಎನ್ನುವುದು ಸುಲಭ, ನೆನಪಿಟ್ಟುಕೊಳ್ಳಬಹುದು. ಎಸ್ ಬಲು ಮೋಸದ ಅಕ್ಷರ. ತಿರುಗಿಸಿದರೂ ಅದು ಅಷ್ಟೇ ಬಳುಕುತ್ತದೆ; ಇಂಗ್ಲಿಷ್ ಓದದ ಕಣ್ಣಿಗೆ ಎರಡೂ ಒಂದೇ ಹಾವು. ಹಾಗಾಗಿ ಈ ಕಾಸು ಕೈಗೆ ಬಂದಾಗ ನಾನು ಆನೆಯನ್ನು ಬಿಟ್ಟು ಮೊದಲು ಎಸ್ ನೋಡುತ್ತೇನೆ. ಎಸ್ ತಿರುಗಿದ್ದು ಅದೇ ಕಾಸಿನ ಕನ್ನಡ ಸಾಲಿನ ಕೊಂಬು, ದೀರ್ಘ, ಗುಡಿಸುಗಳೆಲ್ಲ ತಮ್ಮ ಜಾಗದಲ್ಲಿದ್ದರೆ, ಆ ಅಚ್ಚುಗಾರನಿಗೆ ಕನ್ನಡ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ ಎನ್ನಲು ಒಂದು ಆಧಾರ ಸಿಕ್ಕಂತೆ. ಎರಡೂ ಕಡೆ ತಪ್ಪಿದ್ದರೆ ಅವನಿಗೆ ಅಕ್ಷರವೇ ಚಿತ್ರ. ಹೆಸರು, ಊರು, ಜಾತಿ, ಸಂಬಳ ಯಾವುದನ್ನೂ ಬಿಟ್ಟುಹೋಗದ ಒಬ್ಬ ಕುಶಲಕರ್ಮಿ ಎಷ್ಟು ಓದಿದ್ದ ಎಂಬುದನ್ನು ಒಂದು ವಕ್ರ ಅಕ್ಷರದಿಂದ ಊಹಿಸಬಹುದು. ಸರಿಯಾಗಿ ಕೆತ್ತಿದ ಅಚ್ಚು ದೊರೆಯ ಮಾತನ್ನು ಮಾತ್ರ ಹೇಳುತ್ತದೆ.

ಯಂತ್ರದ ಕಾಲಕ್ಕೆ ಈ ಬಗೆಯ ಕೈಬರಹ ತೆಳುವಾಗುತ್ತದೆ. ಒಂದು ಮೂಲ ಮಾದರಿಯಿಂದ ನೂರಾರು ಅಚ್ಚು ಇಳಿಸುವುದರಿಂದ ಅಚ್ಚುಗಳು ಅವಳಿಗಳಂತಾದವು. ಅಲ್ಲಿ ತಪ್ಪು ಮತ್ತು ಉದ್ದೇಶವನ್ನು ಬೇರೆಮಾಡುವುದೇ ಕಷ್ಟ. 1862ನೇ ಇಸವಿಯ ವಿಕ್ಟೋರಿಯಾ ರೂಪಾಯಿಯನ್ನು 1874ರವರೆಗೂ ಅದೇ ಇಸವಿ ಹಾಕಿ ಹೊಡೆದರು. ಮುಂಬಯಿಯ ಕೆಲವು ರೂಪಾಯಿಗಳಲ್ಲಿರುವ ಸಣ್ಣ ಚುಕ್ಕೆಗಳು ಯಾವ ವರ್ಷದ್ದೆಂಬ ಗುರುತು, ಅಚ್ಚಿನ ಕೊಳೆಯಲ್ಲ. ಆನೆಯ ಕಥೆ ಅಲ್ಲೂ ಬಿಡಲಿಲ್ಲ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಪದಕದ ಆನೆಗೆ ಸೊಂಡಿಲು ಗಿಡ್ಡವಾಗಿ ಜನರ ಕಣ್ಣಿಗೆ ಹಂದಿಯಾಗಿ ಕಂಡಿತು. ದೊಡ್ಡ ಗುಲ್ಲೆದ್ದು, ಆ ರೂಪಾಯಿ ಹಿಂತೆಗೆದು, 1912ರಲ್ಲಿ ಸೊಂಡಿಲು ತಿದ್ದಿದ ಅಚ್ಚು ತಂದರು. ಶ್ರೀರಂಗಪಟ್ಟಣದ ಅಕ್ಕಸಾಲಿಗರನ್ನು ಕೇಳಿದ್ದರೆ ಆನೆ ಹೇಗಿರುತ್ತದೆಂದು ಹೇಳಿಕೊಡುತ್ತಿದ್ದರು.

ಇನ್ನು ಇಂದಿನ ಪೇಟೆಯಲ್ಲಿ ಓಡುವ ‘ಎರಡೂ ಕಡೆ ತಲೆ’ ಇರುವ ರೂಪಾಯಿಗಳು ಹೆಚ್ಚಾಗಿ ಲೇತ್ ಯಂತ್ರದ ಮಕ್ಕಳು. ಒಂದನ್ನು ಕೊರೆದು ಇನ್ನೊಂದನ್ನು ಕೂರಿಸುತ್ತಾರೆ. ಅಂಚಿನ ಒಳಗೆರೆಯಲ್ಲಿ ಬೆಸುಗೆ ಕಾಣುತ್ತದೆ, ತೂಕವೂ ಹೊಂದುವುದಿಲ್ಲ. ಜಾದೂಗಾರನಿಗೆ ಸರಿ.

ನನಗೆ ಹೆಚ್ಚು ಚಿಂತೆ ಹಚ್ಚುವುದು ಮೋಸವಲ್ಲ, ಹುಣಸೆಹಣ್ಣು. ಹಬ್ಬದ ಹಿಂದಿನ ದಿನ ದೇವರ ಸಾಮಾನಿನ ಜೊತೆಗೆ ಈ ತಾಮ್ರದ ಕಾಸುಗಳನ್ನೂ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ಬೆಳಗುತ್ತಾರೆ. ಭಕ್ತಿಯಿಂದಲೇ ಮಾಡುತ್ತಾರೆ, ಬೈಯುವ ಹಾಗಿಲ್ಲ. ಆದರೆ ಹುಳಿ ತೆಗೆಯುವುದು ಕಿಲುಬನ್ನು ಮಾತ್ರವಲ್ಲ. ಕಂದು ಪದರದ ಕೆಳಗೆ ಉಳಿದಿದ್ದ ಅಚ್ಚಿನ ಬಿರುಕು, ತುಕ್ಕಿನ ಗುಳ್ಳೆ, 2ರ ಕೊಂಡಿ ಇವೇ ಮೊದಲು ಹೋಗುತ್ತವೆ. ಆನೆಯ ಬೆನ್ನು ಕೊನೆಗೆ. ವರ್ಷವರ್ಷ ತಿಕ್ಕಿದ ಕಾಸು ಥಳಥಳ ಹೊಳೆಯುತ್ತದೆ, ಓದಲು ಏನೂ ಉಳಿದಿರುವುದಿಲ್ಲ. ಶಾಮನೂರಿನ ಒಂದು ಮನೆಯಲ್ಲಿ ಹೀಗೆ ನುಣ್ಣಗಾದ ಎರಡು ಪೈಸೆಯೊಂದನ್ನು ಕೈಯಲ್ಲಿ ತೂಗಿ ನೋಡಿದೆ. ತೂಕದಿಂದ ಟಿಪ್ಪುವಿನದೆಂದು ಹೇಳಬಹುದು, ಮುಖದಿಂದ ಏನನ್ನೂ ಹೇಳಲಾಗದು. ತಿಕ್ಕದಿದ್ದರೆ ಮೈಲಿಗೆಯಲ್ಲವೇ ಎಂದು ಮನೆಯ ಹಿರಿಯರು ಕೇಳಿದರು. ನೀರಲ್ಲಿ ಅದ್ದಿ, ಬಟ್ಟೆಯಲ್ಲಿ ಒತ್ತಿ, ಕುಂಕುಮವನ್ನು ಕಾಸಿನ ಬದಲು ಪಕ್ಕದ ವೀಳ್ಯದೆಲೆಗೆ ಇಡಿ ಎಂದೆ. ಒಪ್ಪಿದರೋ ಇಲ್ಲವೋ ಮುಂದಿನ ಹಬ್ಬಕ್ಕೆ ತಿಳಿಯುತ್ತದೆ.

ಹೊಲದಲ್ಲೋ ಪಾಯದಲ್ಲೋ ಗಡಿಗೆಯೇ ಸಿಕ್ಕರೆ ವಿಷಯ ಬೇರೆ. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು 1878ರಿಂದ ಕಾಯಿದೆಯಿದೆ. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯಿದೆಯೂ ಇದೆ. ಕಾನೂನಿಗಿಂತ ಹೆಚ್ಚಾಗಿ, ಒಂದೇ ಗಡಿಗೆಯ ಕಾಸುಗಳು ಒಟ್ಟಿಗಿದ್ದಾಗಲೇ ಅಚ್ಚಿನ ಸರಪಳಿ ಸಿಗುವುದು. ಹತ್ತು ಜನ ಹಂಚಿಕೊಂಡ ಮರುದಿನ ಅವು ಹತ್ತು ಬಿಡಿ ಕಾಸುಗಳಾಗಿರುತ್ತವೆ.

ಸದ್ಯ ನನ್ನ ಮೇಜಿನ ಮೇಲಿರುವ ಪ್ರಶ್ನೆ ಇದು. ಚಿತ್ರದುರ್ಗದ ಹೆಸರಿರುವ ಟಿಪ್ಪುವಿನ ಕಾಸುಗಳ ಅಚ್ಚನ್ನು ಚಿತ್ರದುರ್ಗದಲ್ಲೇ ಕೆತ್ತಿದರೋ, ಶ್ರೀರಂಗಪಟ್ಟಣದಲ್ಲಿ ಕೆತ್ತಿ ಕಳಿಸಿದರೋ? ದುರ್ಗಕ್ಕೇ ತನ್ನ ಅಚ್ಚುಗಾರ ಇದ್ದನೆಂದರೆ ನಾಯಕರ ಕಾಲದ ಅಕ್ಕಸಾಲಿಗರ ಮನೆತನಗಳು ಹೊಸ ದೊರೆಯ ಕೆಲಸಕ್ಕೆ ಬಂದವೇ ಎಂದು ಮುಂದೆ ಕೇಳಬಹುದು. ಇಲ್ಲವೆಂದರೆ ಆ ದಾರಿ ಅಲ್ಲಿಗೇ ಮುಚ್ಚುತ್ತದೆ. ಉತ್ತರವನ್ನು ನಾನು ಹುಡುಕುತ್ತಿರುವುದು ಆನೆಯಲ್ಲಲ್ಲ, ಅಂಚಿನ ಚುಕ್ಕೆಸಾಲಿನಲ್ಲಿ. ಚುಕ್ಕೆಯನ್ನು ಉಳಿಯಿಂದ ಕೆತ್ತುವುದಕ್ಕಿಂತ ಒಂದು ಮೊನೆಯಿಂದ ಬಡಿದು ಮೂಡಿಸುವುದು ಸುಲಭ. ಆ ಮೊನೆ ಒಂದು ಕಡೆ ಚಕ್ಕೆ ಹಾರಿದ್ದರೆ, ಅದರಿಂದಾದ ಪ್ರತಿ ಚುಕ್ಕೆಗೂ ಅದೇ ಕಡೆ ಅದೇ ಕೊರೆ ಇರುತ್ತದೆ. ಅಚ್ಚು ಬದಲಾದರೂ, ವರ್ಷ ಬದಲಾದರೂ, ಉಪಕರಣ ಅದೇ ಆಗಿರುವವರೆಗೆ. ಪಟ್ಟಣದ ಕಾಸಿನಲ್ಲೂ ಫರುಖ್‌ಯಾಬ್ ಹಿಸಾರದ ಕಾಸಿನಲ್ಲೂ ಒಂದೇ ಕೊರೆಯ ಚುಕ್ಕೆ ಸಿಕ್ಕರೆ, ಆ ಎರಡು ಅಚ್ಚುಗಳು ಒಂದೇ ಕೈಚೀಲದಿಂದ ಬಂದವು. ಹೀಗೆ ನೋಡಲು ಎರಡೂ ಊರಿನ, ಒಂದೇ ವರ್ಷದ, ಯಾರೂ ತಿಕ್ಕದ ಕಾಸುಗಳ ಚಿತ್ರ ಬೇಕು: ಎರಡೂ ಮುಖ, ಎಡಗಡೆಯಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ತೆಗೆದದ್ದು.